ಹೋಮ್‌ಸ್ಟೇ ಸೈಟಿನ ಲೆಕ್ಕದಲ್ಲಿ ಗೆಸ್ಟ್‌ಗಳ ಫೋನ್ ನಂಬರ್ ಸಿಕ್ಕಿದೆ, ಏನು ಮಾಡಲಿ?

ಕಾಳುಮೆಣಸು · ಮಂಗಳವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನಮ್ಮದೊಂದು ನಾಲ್ಕು ರೂಮಿನ ಹೋಮ್‌ಸ್ಟೇ ಇದೆ. ತೋಟದ ಹಳೇ ಮನೆಯನ್ನೇ ರಿಪೇರಿ ಮಾಡಿಸಿದ್ದು. ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಒಬ್ಬ ಹುಡುಗನ ಕೈಲಿ ವೆಬ್‌ಸೈಟ್ ಮಾಡಿಸಿದೆ. ಅವನೇ ಗೂಗಲ್ ಅನಲಿಟಿಕ್ಸ್ ಹಾಕಿಕೊಟ್ಟ. "ಸರ್, ದಿನಾ ಎಷ್ಟು ಜನ ನೋಡ್ತಾರೆ ಅಂತ ಫೋನಲ್ಲೇ ಕಾಣಿಸುತ್ತೆ" ಅಂದ. ಅವತ್ತಿನಿಂದ ಸಂಜೆ ಕಾಫಿ ಕುಡಿಯುವಾಗ ಅದನ್ನು ನೋಡೋದು ಒಂದು ಚಟ ಆಗಿಬಿಟ್ಟಿದೆ. 14 ಜನ, 22 ಜನ, ಮಳೆ ಜೋರಾದರೆ 5 ಜನ.

ಮೊನ್ನೆ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಪೇಟೆಯಲ್ಲಿ ಭಾವನ ಮನೆಗೆ ಹೋಗಿ, ಮೊದಲನೇ ಸಲ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆ. ಯಾವ ಪುಟಕ್ಕೆ ಎಷ್ಟು ಜನ ಅಂತ ಒಂದು ಪಟ್ಟಿ ಇದೆಯಲ್ಲ, ಅದರ ತಲೆಯ ಮೇಲೆ ಒಂದು ಸಣ್ಣ ಬಾಣ ಇತ್ತು. ಸುಮ್ನೆ ಒತ್ತಿದೆ. 'ಕ್ವೆರಿ ಸ್ಟ್ರಿಂಗ್' (ಪುಟದ ವಿಳಾಸದ ಹಿಂದೆ ಅಂಟಿಕೊಂಡಿರೋ ಬಾಲವಂತೆ) ಸಮೇತ ತೋರಿಸು ಅನ್ನೋದು ಸಿಕ್ಕಿತು. ಅದನ್ನು ಆರಿಸಿದ ಕೂಡಲೇ ಉದ್ದುದ್ದ ಸಾಲು ಬಂತು. ಒಂದು ಹೀಗಿತ್ತು. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿತ್ತು, ನಾನು ಕನ್ನಡದಲ್ಲಿ ಬರೆದಿದ್ದೇನೆ:

ಥ್ಯಾಂಕ್ಸ್?ನೇಮ್=…&ಫೋನ್=98…&ಗೆಸ್ಟ್ಸ್=5&ನೋಟ್=ಅಮ್ಮನಿಗೆ+ಮೊಣಕಾಲು+ನೋವು+ಕೆಳಗಿನ+ರೂಮ್+ಬೇಕು

ನನಗೆ ಆ ಕುಟುಂಬ ನೆನಪಿದೆ. ಬೇಸಿಗೆ ರಜೆಯಲ್ಲಿ ಬಂದಿದ್ದರು. ಆ ಅಮ್ಮನಿಗೆ ಕೆಳಗಿನ ರೂಮನ್ನೇ ಕೊಟ್ಟಿದ್ದೆ. ಅವರ ಮೊಣಕಾಲಿನ ವಿಷಯ ಗೂಗಲ್ ಹತ್ತಿರ ಯಾಕಿದೆ? ಅಲ್ಲಿ ಹಾಕಿದ್ದು ನಾನೇ ಅಂತ ಆಯ್ತಲ್ಲ. ಅಂಥ ಸಾಲುಗಳು ಎರಡು ವರ್ಷದ್ದೂ ಇವೆ.

ಇದನ್ನು ನಿಲ್ಲಿಸೋದು ಹೇಗೆ? ಇರೋದನ್ನು ಅಳಿಸಬಹುದಾ? ನನ್ನಂಥವನಿಗೆ ಈ ಅನಲಿಟಿಕ್ಸ್ ಬೇಕೇ ಬೇಕಾ?

ರೊಬಸ್ಟಾ_77 · 9:20

ಫೋನ್ ನಂಬರ್ ಇವತ್ತು ಯಾರ ಹತ್ರ ಇಲ್ಲ ಹೇಳಿ? ಲೋನ್ ಬೇಕಾ ಅಂತ ದಿನಾ ನಾಲ್ಕು ಫೋನ್ ಬರುತ್ತೆ. ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ.

ಸರ್ವರ್_ರೂಮು · 9:41

ತಲೆ ಕೆಡಿಸಿಕೊಳ್ಳಬೇಕು. ಇದು ಅನಲಿಟಿಕ್ಸ್‌ನ ತಪ್ಪಲ್ಲ, ನಿಮ್ಮ ಫಾರ್ಮಿನ ತಪ್ಪು.

ಬುಕಿಂಗ್ ಫಾರ್ಮ್ ಕಳಿಸೋಕೆ ಎರಡು ದಾರಿ ಇವೆ. ಒಂದರ ಹೆಸರು ಗೆಟ್, ಇನ್ನೊಂದು ಪೋಸ್ಟ್. ಗೆಟ್‌ನಲ್ಲಿ ತುಂಬಿದ್ದೆಲ್ಲ ವಿಳಾಸದ ಸಾಲಿಗೇ ಅಂಟಿಕೊಂಡು ಹೋಗುತ್ತೆ. ಪೋಸ್ಟ್‌ನಲ್ಲಿ ಒಳಗೆ ಇಟ್ಟು ಕಳಿಸುತ್ತೆ. ಹಳೇ ಕಾಲದ ಅಂಚೆ ಕಾರ್ಡಿಗೂ ಕವರಿಗೂ ಇದ್ದ ವ್ಯತ್ಯಾಸ ಅಂದುಕೊಳ್ಳಿ. ಕಾರ್ಡಿನಲ್ಲಿ ಬರೆದರೆ ಪೋಸ್ಟ್‌ಮ್ಯಾನ್ ಓದಿಯೇ ತಂದು ಕೊಡುತ್ತಿದ್ದ. ಫಾರ್ಮಿನಲ್ಲಿ ಏನೂ ಹೇಳದಿದ್ದರೆ ಬ್ರೌಸರ್ ತಾನಾಗೇ ಗೆಟ್ ಬಳಸುತ್ತೆ. ನಿಮ್ಮ ಹುಡುಗ ಆ ಒಂದು ಪದ ಹಾಕೋದು ಮರೆತಿದ್ದಾನೆ.

ಇನ್ನು ಅನಲಿಟಿಕ್ಸ್ ಏನು ಮಾಡುತ್ತೆ? ಪುಟ ತೆರೆದ ಕೂಡಲೇ ಅದರ ಪೂರ್ತಿ ವಿಳಾಸ, ಹಿಂದೆ ಎಲ್ಲಿಂದ ಬಂದರು, ಯಾವ ಬ್ರೌಸರ್, ಪರದೆ ಎಷ್ಟು ಅಗಲ, ಭಾಷೆ ಯಾವುದು, ಎಲ್ಲವನ್ನೂ ಒಟ್ಟು ಮಾಡಿ ಗೂಗಲ್‌ಗೆ ಕಳಿಸುತ್ತೆ. ವಿಳಾಸದಲ್ಲಿ ಮೊಣಕಾಲು ಇದ್ದರೆ ಮೊಣಕಾಲೂ ಹೋಗುತ್ತೆ. ಅದಕ್ಕೇನು ಗೊತ್ತು?

ನಾಳೆ ಬೆಳಿಗ್ಗೆ ಆ ಹುಡುಗನಿಗೆ ಫೋನ್ ಮಾಡಿ. ಪೋಸ್ಟ್ ಮಾಡಿಸಿ. ಕಳಿಸಿದ ಮೇಲೆ ಬರೋ ಥ್ಯಾಂಕ್ಸ್ ಪುಟದ ವಿಳಾಸ ಖಾಲಿ ಇರಬೇಕು, ಹಿಂದೆ ಬಾಲ ಇರಬಾರದು. ಹತ್ತು ನಿಮಿಷದ ಕೆಲಸ. ಇನ್ನೊಂದು ಮಾತು. ಅದೇ ಸಾಲುಗಳು ನಿಮ್ಮ ಹೋಸ್ಟಿಂಗ್‌ನ (ಸೈಟ್ ಇಟ್ಟಿರೋ ಸರ್ವರಿನ) ಲಾಗ್ ಫೈಲ್‌ನಲ್ಲೂ, ಅಂದರೆ ಯಾರು ಯಾವ ಪುಟ ತೆರೆದರು ಅಂತ ಅದು ಬರೆದಿಡೋ ಪಟ್ಟಿಯಲ್ಲೂ ಇವೆ, ಗೆಸ್ಟ್‌ಗಳ ಬ್ರೌಸರ್ ಹಿಸ್ಟರಿಯಲ್ಲೂ ಇವೆ.

ಮೂರನೇ_ಸೆಮ್ · 9:55

ಸರ್, ಎರಡು ತಿಂಗಳು ಆದರೆ ಗೂಗಲ್ ತಾನೇ ಅಳಿಸುತ್ತೆ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ 2 ತಿಂಗಳು ಅಥವಾ 14 ತಿಂಗಳು ಅಂತ ಇರುತ್ತೆ. ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ನಮ್ಮ ಫೆಸ್ಟ್ ಸೈಟಿಗೆ ಹಾಕಿದ್ವಿ.

ಸರ್ವರ್_ರೂಮು · 10:03

ಆ ಗಡುವು ಒಬ್ಬೊಬ್ಬರ ಬಿಡಿ ಬಿಡಿ ಮಾಹಿತಿಗೆ. ಒಟ್ಟು ಮಾಡಿದ ಮಾಮೂಲಿ ರಿಪೋರ್ಟಿಗೆ ಅದು ಅನ್ವಯ ಆಗಲ್ಲ. ಅದಕ್ಕೇ ಇವರಿಗೆ ಎರಡು ವರ್ಷದ್ದೂ ಕಾಣಿಸಿದ್ದು. ಅಳಿಸೋಕೆ ಅಡ್ಮಿನ್ ವಿಭಾಗದಲ್ಲಿ 'ಡೇಟಾ ಡಿಲೀಷನ್ ರಿಕ್ವೆಸ್ಟ್' ಅಂತ ಬೇರೆ ಇದೆ. ಕೂಡಲೇ ಅಳಿಯಲ್ಲ, ಸ್ವಲ್ಪ ದಿನ ಹಿಡಿಯುತ್ತೆ. ಅಡ್ಮಿನ್‌ನಲ್ಲೇ ಇನ್ನೊಂದು ಕಡೆ 'ರಿಡ್ಯಾಕ್ಷನ್' ಅನ್ನೋದಿದೆ. ವಿಳಾಸದಲ್ಲಿ ನೇಮ್, ಫೋನ್ ಅಂತ ಬಂದರೆ ಕಳಿಸೋ ಮೊದಲೇ ಮಸಿ ಬಳಿ ಅಂತ ಅಲ್ಲಿ ಹೇಳಬಹುದು.

ಹೆಸರು, ಫೋನ್, ಇಮೇಲ್ ಕಳಿಸಬೇಡಿ ಅಂತ ಗೂಗಲ್ ತನ್ನ ನಿಯಮದಲ್ಲೇ ಹೇಳಿದೆ. ಆ ನಿಯಮ ಓದಿದವರು ಯಾರೂ ಸಿಕ್ಕಿಲ್ಲ ನನಗೆ.

ರೊಬಸ್ಟಾ_77 · 10:10

ಒಂದು ಅರ್ಥ ಆಗಲ್ಲ. ನಮ್ಮದೂ ಹೋಮ್‌ಸ್ಟೇ ಇದೆ. ಬಂದವರ ಆಧಾರ್ ಜೆರಾಕ್ಸ್ ತಗೊಳ್ತೀವಿ, ರಿಜಿಸ್ಟರ್‌ನಲ್ಲಿ ಬರೀತೀವಿ, ಪೊಲೀಸರು ಕೇಳಿದರೆ ತೋರಿಸ್ತೀವಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಇಷ್ಟೆಲ್ಲ ಆದ ಮೇಲೆ ಗೂಗಲ್‌ಗೆ ಮೊಣಕಾಲು ಗೊತ್ತಾದರೆ ಯಾವ ಪ್ರಾಣ ಹೋಗುತ್ತೆ?

ಅಕ್ಕಿರೊಟ್ಟಿ · 10:31

ರೊಬಸ್ಟಾ ಅವರೇ, ಜೆರಾಕ್ಸ್ ಕೊಡುವಾಗ ಕೊಡ್ತಾ ಇದ್ದೀನಿ ಅಂತ ನನಗೆ ಗೊತ್ತಿರುತ್ತೆ. ನಿಮ್ಮ ಮುಖ ನೋಡಿ ಕೊಟ್ಟಿರ್ತೀನಿ. ನೀವು ಅದನ್ನು ಆಚೆ ಅಂಗಡಿಯವನಿಗೆ ಕೊಟ್ಟರೆ ಜಗಳ ಆಡೋಕೆ ಬರ್ತೀನಿ. ಇಲ್ಲಿ ನಾನು ರೂಮ್ ಕೇಳಿದ್ದು ನಿಮ್ಮ ಹತ್ರ. ಮೂರನೆಯವರು ಬಾಗಿಲ ಹಿಂದೆ ನಿಂತು ಬರೆದುಕೊಂಡಿದ್ದು ನನಗೆ ಗೊತ್ತೇ ಇಲ್ಲ.

ನನಗೆ ಆಗಿದ್ದು ಹೇಳ್ತೀನಿ. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಸೈಟಿನಲ್ಲಿ ನನ್ನ ತಂಗಿಗೋಸ್ಕರ ಮಕ್ಕಳಾಗುವ ಚಿಕಿತ್ಸೆ ಬಗ್ಗೆ ಓದಿದೆ. ಬರೀ ಓದಿದ್ದು, ಹೆಸರು ಕೂಡ ಹಾಕಿಲ್ಲ. ಮೂರು ದಿನ ಬಿಟ್ಟು ನನ್ನ ಮೊಬೈಲ್ ತುಂಬ ಅದೇ ಜಾಹೀರಾತು. ಮದುವೆ ಮನೆಯಲ್ಲಿ ಅತ್ತಿಗೆಗೆ ಫೋಟೊ ತೋರಿಸ್ತಾ ಇದ್ದೆ, ಮಧ್ಯದಲ್ಲಿ ಅದು ಬಂತು. ಅತ್ತಿಗೆ ಏನೂ ಕೇಳಲಿಲ್ಲ. ಕೇಳಿದ್ದಿದ್ದರೇ ಚೆನ್ನಾಗಿತ್ತು. ಆಮೇಲೆ ಊರಲ್ಲೆಲ್ಲ ನನ್ನ ಬಗ್ಗೆ ಗುಸುಗುಸು.

ಮೂರನೇ_ಸೆಮ್ · 10:36

ಛೆ.

ರೀಲ್ಸ್_ಪೇಟೆ · 10:52

ಮೇಡಂ, ಬೇಜಾರಾಯ್ತು. ಆದರೆ ಸಾಮಾನ್ಯವಾಗಿ ಅದು ಅನಲಿಟಿಕ್ಸ್ ಒಂದರಿಂದ ಆಗಲ್ಲ. ಜಾಹೀರಾತಿಗೆ ಅಂತಲೇ ಹಾಕೋ ಪಿಕ್ಸೆಲ್‌ಗಳು ಬೇರೆ ಇವೆ. ನೀವು ಯಾವ ಪುಟ ನೋಡಿದಿರಿ ಅಂತ ಜಾಹೀರಾತು ಕಂಪನಿಗೆ ತಿಳಿಸೋ ಕೋಡ್ ಅವು. ಫೇಸ್‌ಬುಕ್‌ನವರ ಮೆಟಾ ಪಿಕ್ಸೆಲ್ ಅಂತ ಕೇಳಿರಬಹುದು. 2022ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳ ಸೈಟಿನಲ್ಲೇ ಆ ಪಿಕ್ಸೆಲ್ ಸಿಕ್ಕಿಬಿದ್ದಿತ್ತು. ದೊಡ್ಡ ಸುದ್ದಿ ಆಯ್ತು.

ನಾನು ಈ ಕಡೆ ಎಂಟು ಹತ್ತು ಹೋಮ್‌ಸ್ಟೇಗಳಿಗೆ ಆನ್‌ಲೈನ್ ಪ್ರಚಾರ ಮಾಡ್ತೀನಿ. ಅನಲಿಟಿಕ್ಸ್ ಅಂದರೆ ಕಳ್ಳ ಅನ್ನೋ ಹಾಗೆ ಮಾತಾಡಬೇಡಿ. ಸೀಸನ್‌ನಲ್ಲಿ ಒಬ್ಬರು ಜಾಹೀರಾತಿಗೆ 20 ಸಾವಿರ ಹಾಕ್ತಾರೆ. ಅದು ರೀಲ್ಸ್‌ನಿಂದ ಬಂತಾ, ಮ್ಯಾಪ್‌ನಿಂದ ಬಂತಾ ಅಂತ ತಿಳೀದೆ ಇದ್ದರೆ ದುಡ್ಡು ಹೊಳೆಗೆ ಹಾಕಿದ ಹಾಗೆ. ಲಿಂಕಿನ ಕೊನೆಗೆ ಯುಟಿಎಂ, ಅಂದರೆ ಎಲ್ಲಿಂದ ಬಂದರು ಅಂತ ಹೇಳೋ ಗುರುತು, ಅಂಟಿಸಿದರೆ ಲೆಕ್ಕ ಪಕ್ಕಾ ಸಿಗುತ್ತೆ.

ಸರ್ವರ್_ರೂಮು · 11:05

ಯುಟಿಎಂನಲ್ಲಿ 'ಯು' ಅಂದರೆ ಅರ್ಚಿನ್. ಅದೊಂದು ಹಳೇ ಕಂಪನಿ. 2005ರಲ್ಲಿ ಗೂಗಲ್ ಅದನ್ನು ಕೊಂಡು, ಅದೇ ವರ್ಷ ಗೂಗಲ್ ಅನಲಿಟಿಕ್ಸ್ ಅಂತ ಪುಕ್ಕಟೆ ಕೊಡೋಕೆ ಶುರು ಮಾಡಿತು. ಕಂಪನಿ ಹೋದರೂ ಅದರ ಹೆಸರು ಇವತ್ತಿಗೂ ನಮ್ಮ ಲಿಂಕುಗಳ ಬಾಲದಲ್ಲಿ ಇದೆ.

ಕಾಳುಮೆಣಸು · 11:14

ಎಲ್ಲಿಂದ ಬಂದರು ಅನ್ನೋದು ನಾನು ಫೋನಿನಲ್ಲೇ ಕೇಳ್ತೀನಿ. "ನಮ್ಮದು ಹೇಗೆ ಗೊತ್ತಾಯ್ತು?" ಅಂತ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಜಾಸ್ತಿ ಜನ ಹೇಳೋದು ಯಾರೋ ನೆಂಟರು ಬಂದಿದ್ದರು ಅಂತ. ಆ ನೆಂಟರಿಗೆ ಯುಟಿಎಂ ಅಂಟಿಸೋಕೆ ಆಗಲ್ಲ.

ಒಂದು ಡೌಟು. ಆಶ್‌ಬರ್ನ್ ಅನ್ನೋ ಊರಿಂದ ದಿನಾ ಐದಾರು ಜನ ನಮ್ಮ ಸೈಟ್ ನೋಡ್ತಾರೆ. ಅಮೆರಿಕ ಅಂತ ತೋರಿಸುತ್ತೆ. ಅಲ್ಲಿ ನಮ್ಮ ಕಡೆಯವರು ಜಾಸ್ತಿ ಇದ್ದಾರಾ? ಅವರಿಗೋಸ್ಕರ ಡಾಲರ್ ರೇಟ್ ಬೇರೆ ಹಾಕಿದ್ದೆ.

ಸರ್ವರ್_ರೂಮು · 11:16

ಅಣ್ಣಾ 😂 ವರ್ಜೀನಿಯಾದ ಆಶ್‌ಬರ್ನ್ ತುಂಬ ಬರೀ ಡೇಟಾ ಸೆಂಟರ್. ಅವು ಮನುಷ್ಯರಲ್ಲ, ತಾವಾಗೇ ಸೈಟ್ ತೆರೆಯೋ ಪ್ರೋಗ್ರಾಮ್‌ಗಳು, ಅಂದರೆ ಬಾಟ್‌ಗಳು. ಕೆಲವನ್ನು ಗೂಗಲ್ ಸೋಸುತ್ತೆ, ಕೆಲವು ತಪ್ಪಿಸಿಕೊಳ್ಳುತ್ತವೆ.

ಕಾಳುಮೆಣಸು · 11:17

ನಮ್ಮನೆಯವಳಿಗೆ ಇದನ್ನು ಹೇಳಲ್ಲ.

ಕಡೂರ್_ಜಂಕ್ಷನ್ · ಬುಧವಾರ ಬೆಳಿಗ್ಗೆ 6:48

ಊರಿನ ವಿಷಯಕ್ಕೆ ಬಂದರೆ ಅದೂ ನಂಬೋ ಹಾಗಿಲ್ಲ. ನಾನು ಕಡೂರಿನಲ್ಲಿ ಕೂತು ಮೊಬೈಲ್‌ನಲ್ಲಿ ನನ್ನದೇ ಸೈಟ್ ತೆಗೆದರೆ ಬೆಂಗಳೂರು ಅಂತ ತೋರಿಸುತ್ತೆ. ಮೂಡಿಗೆರೆಯ ತಮ್ಮ ತೆಗೆದರೂ ಬೆಂಗಳೂರು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ನಮ್ಮನ್ನು ತಲುಪೋ ನಂಬರ್) ಹಿಂದೆ ನೂರಾರು ಜನರನ್ನು ಕೂರಿಸಿರುತ್ತವೆ. ಅದರ ಮೇಲೆ ಫೈರ್‌ಫಾಕ್ಸ್, ಬ್ರೇವ್, ಯುಬ್ಲಾಕ್ ಥರ ಇಂಥ ಲೆಕ್ಕ ತಡೆಯೋ ಬ್ರೌಸರ್, ಟೂಲ್ ಇಟ್ಟುಕೊಂಡವರು ಎಷ್ಟೋ ಸಲ ಲೆಕ್ಕಕ್ಕೇ ಸಿಗಲ್ಲ. ಐಫೋನಿನ ಸಫಾರಿಯಲ್ಲಿ ಇಂಥ ಕುಕೀ (ಮತ್ತೆ ಬಂದವರನ್ನು ಗುರುತಿಸೋಕೆ ಬ್ರೌಸರ್‌ನಲ್ಲಿ ಇಡೋ ಚೀಟಿ) 7 ದಿನಕ್ಕೆ ಸಾಯುತ್ತೆ. ಎಂಟನೇ ದಿನ ಬಂದವರು ಹೊಸ ಗಿರಾಕಿ. ಇಷ್ಟು ಓಟೆ ಇರೋ ಚೀಲದಲ್ಲಿ ಕಾಫಿ ಅಳೆದು ಲೆಕ್ಕ ಪಕ್ಕಾ ಅಂತೀರಲ್ಲ ರೀಲ್ಸ್ ಅವರೇ.

ರೀಲ್ಸ್_ಪೇಟೆ · 8:30

ಓಟೆ ಪ್ರತಿ ತಿಂಗಳೂ ಒಂದೇ ಸೈಜು ಸಾರ್. ಹೋದ ತಿಂಗಳಿಗಿಂತ ಜಾಸ್ತಿನಾ ಕಮ್ಮಿನಾ ಅಂತ ಗೊತ್ತಾದರೆ ಸಾಕು.

ಹಳೇಬ್ಲಾಗಿಗ · 9:02

ಈ ಮಾತು ಓದಿ ಹಳೇದು ನೆನಪಾಯ್ತು. 2008ರ ಸುಮಾರಿಗೆ ನಾವೆಲ್ಲ ಕನ್ನಡ ಬ್ಲಾಗ್ ಬರೆಯುತ್ತಿದ್ದೆವು. ಪಕ್ಕದಲ್ಲಿ ಒಂದು ಕೌಂಟರ್, ಕೆಳಗೆ ಒಂದು ಭೂಪಟ, ಅದರಲ್ಲಿ ಕೆಂಪು ಚುಕ್ಕೆ. ಆಮೇಲೆ ಫೀಡ್‌ಜಿಟ್ ಅಂತ ಒಂದು ಬಂತು. ಈಗ ತಾನೇ ಯಾವ ಊರಿಂದ ಯಾರು ಬಂದರು ಅಂತ ಎಲ್ಲರಿಗೂ ಕಾಣೋ ಹಾಗೆ ತೋರಿಸುತ್ತಿತ್ತು. ಹೆಸರಿಲ್ಲ, ಊರು ಮಾತ್ರ. ಏನು ಖುಷಿ ಆಗ!

ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಅಪ್ಪ ಹಾಸನದಲ್ಲಿ ಒಬ್ಬರೇ. ರಿಟೈರ್ ಆದ ಮೇಲೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದರು. ನಾನು ಬರೆಯೋದೆಲ್ಲ ಅವರಿಗೆ ಹುಡುಗಾಟ. "ಅದನ್ನೆಲ್ಲ ಯಾರಪ್ಪಾ ಓದ್ತಾರೆ" ಅನ್ನೋರು. ನನ್ನ ಬ್ಲಾಗಿಗೆ ದಿನಕ್ಕೆ ಬರ್ತಿದ್ದವರು ಹತ್ತು ಹನ್ನೆರಡು ಜನ. ಒಂದು ಸಲ ಗಮನಿಸಿದೆ. ರಾತ್ರಿ 11 ಗಂಟೆ ಆಯ್ತು ಅಂದರೆ 'ಹಾಸನ' ಅಂತ ಒಂದು ಸಾಲು. ಮಾರನೇ ದಿನವೂ 11ಕ್ಕೆ ಹಾಸನ. ಅಮ್ಮನ ಬಗ್ಗೆ ಒಂದು ಬರಹ ಹಾಕಿದ್ದೆ, ಆ ಪುಟಕ್ಕೆ ಹಾಸನದಿಂದ ಒಂದೇ ರಾತ್ರಿ ಆರು ಸಲ.

ಅಪ್ಪನಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ ಓದೋದು ನಿಲ್ಲಿಸಿಬಿಡುತ್ತಿದ್ದರು. ಆದರೆ ಅವರು ಬಾಗಿಲು ಹಾಕಿಕೊಂಡು ಮಾಡೋದನ್ನು ನಾನು ಕಿಟಕಿಯಿಂದ ನೋಡಿದ ಹಾಗೆ ಆಯ್ತು. ಒಂದು ವಾರ ಆದ ಮೇಲೆ ಆ ಪಟ್ಟಿಯನ್ನು ಕಿತ್ತು ಹಾಕಿದೆ.

ಸಾವಿರಾರು ಜನ ಬರೋ ಸೈಟಿನಲ್ಲಿ ಊರು, ಗಂಟೆ, ಪುಟ ಅಂದರೆ ಬರೀ ಲೆಕ್ಕ. ಹನ್ನೆರಡು ಜನ ಬರೋ ಕಡೆ ಅದೇ ಮೂರು ಸೇರಿದರೆ ಒಬ್ಬ ಮನುಷ್ಯನೇ ಎದುರಿಗೆ ನಿಲ್ಲುತ್ತಾನೆ.

ಅಕ್ಕಿರೊಟ್ಟಿ · 9:10

ಆರು ಸಲ… ನಿಮ್ಮಪ್ಪ ಈಗ ಹೇಗಿದ್ದಾರೆ ಸರ್?

ಹಳೇಬ್ಲಾಗಿಗ · 9:24

2016ರಲ್ಲಿ ಹೋದರು ಮೇಡಂ. ಬ್ಲಾಗ್ ಇನ್ನೂ ಇದೆ.

ಕೋರ್ಟ್_ಕಾಫಿ · 1:15

ಊಟದ ಬಿಡುವಿನಲ್ಲಿ ಬರೀತಿದ್ದೀನಿ. ಹಾಸನದಲ್ಲಿ ವಕೀಲಿ ಮಾಡ್ತೀನಿ. ಕಾನೂನಿನ ಕಡೆಯಿಂದ ಎರಡು ಮಾತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ.

ಅದರ ಪ್ರಕಾರ ಒಬ್ಬರ ಮಾಹಿತಿ ತಗೊಳ್ಳೋವಾಗ ಏನು ತಗೊಳ್ತೀರಿ, ಯಾಕೆ ಅಂತ ತಿಳಿಸಿ ಒಪ್ಪಿಗೆ ಕೇಳಬೇಕು. ಆ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ನಿಮ್ಮ ಗೆಸ್ಟ್ ಕೇಳಬಹುದು. ಇನ್ನೂ ಒಂದು. ಸೈಟ್ ನಿಮ್ಮದು, ಫಾರ್ಮ್ ನಿಮ್ಮದು. ಟೂಲ್ ಯಾರದ್ದೇ ಆಗಲಿ, ಜವಾಬ್ದಾರಿ ನಿಮ್ಮದು. "ಹುಡುಗ ಹಾಕಿಕೊಟ್ಟ" ಅಂದರೆ ನಡೆಯಲ್ಲ. ದಂಡ 250 ಕೋಟಿ ರೂಪಾಯಿವರೆಗೂ ಇದೆ.

ರೊಬಸ್ಟಾ_77 · 1:22

250 ಕೋಟಿ! ನಮ್ಮ ತೋಟ, ಮನೆ, ಜೀಪು, ಎರಡು ನಾಯಿ ಎಲ್ಲ ಮಾರಿದರೂ ಆಗಲ್ಲ. ವಕೀಲರು ಹೆದರಿಸೋದೇ ಕೆಲಸ.

ಕೋರ್ಟ್_ಕಾಫಿ · 1:30

ಅದು ಗರಿಷ್ಠ ಸ್ವಾಮಿ. ಭದ್ರತೆ ಕಾಪಾಡದೆ ಇದ್ದವರಿಗೆ. ತಪ್ಪು ಎಷ್ಟು ದೊಡ್ಡದು, ಎಷ್ಟು ಕಾಲ ನಡೆಯಿತು, ಸರಿಪಡಿಸಿದರಾ ಅಂತೆಲ್ಲ ನೋಡಿ ದತ್ತಾಂಶ ಸಂರಕ್ಷಣಾ ಮಂಡಳಿ ತೀರ್ಮಾನ ಮಾಡುತ್ತೆ. ನಾಯಿ ಮಾರಬೇಡಿ.

ಹೇಮಾವತಿ_ಹರಿವು · 4:05

ಸಕಲೇಶಪುರದವಳು, ಈಗ ಮ್ಯೂನಿಕ್‌ನಲ್ಲಿದ್ದೀನಿ. ಇಲ್ಲಿ ಈ ವಿಷಯ ದೊಡ್ಡ ರಾಮಾಯಣ. ಜಿಡಿಪಿಆರ್, ಅಂದರೆ ಯುರೋಪಿನ ವೈಯಕ್ತಿಕ ಮಾಹಿತಿ ಕಾನೂನು, ಜಾರಿಗೆ ಬಂದಿದ್ದು 2018ರ ಮೇ 25. ಖಾಸಗಿತನಕ್ಕಾಗಿ ಹೋರಾಡೋ ನೋಯ್ಬ್ ಅನ್ನೋ ಸಂಸ್ಥೆ 2020ರಲ್ಲಿ 101 ದೂರು ಕೊಟ್ಟಿತು. ಗೂಗಲ್ ಅನಲಿಟಿಕ್ಸ್ ಅಥವಾ ಫೇಸ್‌ಬುಕ್‌ನ ಟೂಲ್ ಇಟ್ಟುಕೊಂಡ ಸೈಟುಗಳು ಜನರ ಮಾಹಿತಿಯನ್ನು ಅಮೆರಿಕಕ್ಕೆ ಕಳಿಸುತ್ತಿವೆ ಅಂತ. 2022ರಲ್ಲಿ ಆಸ್ಟ್ರಿಯಾ, ಆಮೇಲೆ ಫ್ರಾನ್ಸ್, ಆಮೇಲೆ ಇಟಲಿ, ಹೀಗೆ ಬಳಸೋದು ಕಾನೂನಿಗೆ ವಿರುದ್ಧ ಅಂದವು.

ಮೂರನೇ_ಸೆಮ್ · 4:11

ಹಾಗಾದರೆ ಯುರೋಪಿನಲ್ಲಿ ಗೂಗಲ್ ಅನಲಿಟಿಕ್ಸ್ ಬ್ಯಾನ್!

ಹೇಮಾವತಿ_ಹರಿವು · 4:19

ಇಲ್ಲಪ್ಪ, ಅಲ್ಲೇ ಎಲ್ಲರೂ ಎಡವೋದು. 2023ರ ಜುಲೈನಲ್ಲಿ ಯುರೋಪು ಅಮೆರಿಕ ಹೊಸ ಒಪ್ಪಂದ ಮಾಡಿಕೊಂಡವು. ಅಮೆರಿಕಕ್ಕೆ ಕಳಿಸಿದ್ದೇ ತಪ್ಪು ಅನ್ನೋ ವಾದ ಅಲ್ಲಿಗೆ ತಣ್ಣಗಾಯ್ತು. ಕುಕೀ ಹಾಕೋ ಮೊದಲು ಒಪ್ಪಿಗೆ ಕೇಳಬೇಕು ಅನ್ನೋದು ಮಾತ್ರ ಇದ್ದೇ ಇದೆ.

ಆಲ್ದೂರಿನ ಹೋಮ್‌ಸ್ಟೇಗೆ ಇದು ಅನ್ವಯ ಆಗುತ್ತಾ ಅಂದರೆ, ಜರ್ಮನಿಯಿಂದ ಯಾರೋ ಸೈಟ್ ತೆರೆದ ಮಾತ್ರಕ್ಕೆ ಆಗಲ್ಲ. ಯುರೋ ರೇಟ್ ಹಾಕಿ, ಜರ್ಮನ್ ಭಾಷೆಯ ಪುಟ ಮಾಡಿ ಕರೆದರೆ ಆಗಬಹುದು. ಡಾಲರ್ ರೇಟ್ ಆಶ್‌ಬರ್ನ್‌ನವರಿಗೆ ತಾನೇ, ಪರವಾಗಿಲ್ಲ 🙂

ಕಾಳುಮೆಣಸು · 4:40

ಆಯ್ತಮ್ಮ, ಇನ್ನು ಸಾಕು ಆಶ್‌ಬರ್ನ್.

ತೆಗೆದೇ ಬಿಡೋಣ ಅಂತ ಮನಸ್ಸಾಗಿದೆ. ಆದರೆ ಸಂಜೆ ಕಾಫಿಗೆ ಒಂದು ನಂಬರ್ ಬೇಕು. ಅಭ್ಯಾಸ ಬಿಡೋಕೆ ಆಗಲ್ಲ. ಯಾರು, ಏನು ಅಂತ ಬೇಡ. ಎಷ್ಟು ಅಂತ ಸಾಕು. ಅಂಥದ್ದು ಇದೆಯಾ?

ಸರ್ವರ್_ರೂಮು · 6:22

ಬೇಕಾದಷ್ಟಿವೆ. ಪ್ಲಾಸಿಬಲ್ ಅಂತ ಎಸ್ಟೋನಿಯಾದವರದ್ದು. ಕುಕೀ ಇಲ್ಲ. ಐಪಿ ವಿಳಾಸ ಮತ್ತು ಬ್ರೌಸರ್ ಹೆಸರಿಗೆ ದಿನದ ಒಂದು ಗುಟ್ಟಿನ ಸಂಖ್ಯೆ (ಅದಕ್ಕೆ ಉಪ್ಪು ಅಂತಾರೆ) ಸೇರಿಸಿ ಅರೆದು ಒಂದು ಗುರುತು ಮಾಡುತ್ತೆ. ಮಾರನೇ ದಿನ ಆ ಉಪ್ಪನ್ನೇ ಎಸೆಯುತ್ತೆ. ಹಾಗಾಗಿ ಇವತ್ತು ಬಂದವರೇ ನಾಳೆ ಬಂದರೂ ಅದಕ್ಕೆ ಗುರುತು ಸಿಗಲ್ಲ. ತಿಂಗಳಿಗೆ ದುಡ್ಡು ಕೊಡಬೇಕು. ಗೋಟ್‌ಕೌಂಟರ್ ಅಂತ ಇನ್ನೊಂದಿದೆ, ಸಣ್ಣ ಸೈಟಿಗೆ ಸಾಕು. ಮಟೋಮೊ ದೊಡ್ಡದು. ಮೊದಲು ಪಿವಿಕ್ ಅಂತಿತ್ತು, 2018ರಲ್ಲಿ ಹೆಸರು ಬದಲಾಯ್ತು. ಅದನ್ನು ನಿಮ್ಮ ಹೋಸ್ಟಿಂಗ್‌ನಲ್ಲೇ ಹಾಕಿಕೊಂಡರೆ ಮಾಹಿತಿ ಮೂರನೆಯವರಿಗೆ ಹೋಗೋದೇ ಇಲ್ಲ. ಆದರೆ ಅಪ್‌ಡೇಟ್ ಮಾಡ್ತಾ ಇರಬೇಕು. ಮಾಡದೆ ಬಿಟ್ಟರೆ ಅದೇ ಒಂದು ತೂತು.

ನಿಮಗೆ ಇದ್ಯಾವುದೂ ಬೇಡ. ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ (ಸೈಟ್ ನಿಭಾಯಿಸೋ ಪುಟ) ಇದ್ದರೆ ಒಳಗೆ ಎಡಬ್ಲ್ಯುಸ್ಟ್ಯಾಟ್ಸ್ ಅಂತ ಒಂದು ಐಕಾನ್ ಇರುತ್ತೆ. ಹಳೇ ಕಾಲದ್ದು, ನೋಡೋಕೆ ಪಂಚಾಯಿತಿ ಆಫೀಸಿನ ಗ್ರಾಫ್ ಇದ್ದ ಹಾಗಿದೆ. ಪುಟದಲ್ಲಿ ಏನೂ ಹಾಕದೆ, ಸರ್ವರಿನ ಲಾಗ್ ಓದಿ ಲೆಕ್ಕ ಕೊಡುತ್ತೆ. ಬಾಟ್‌ಗಳನ್ನು ಬೇರೆ ಪಟ್ಟಿ ಮಾಡುತ್ತೆ. ಎರಡು ವರ್ಷದಿಂದ ಅದು ಅಲ್ಲೇ ಇದೆ, ನೀವು ನೋಡಿಲ್ಲ ಅಷ್ಟೇ.

ಕಡೂರ್_ಜಂಕ್ಷನ್ · 6:40

ಲಾಗ್‌ನಲ್ಲೂ ಐಪಿ ಇರುತ್ತಲ್ಲ? ಅದೇನು ಗಂಗಾಜಲನಾ?

ಸರ್ವರ್_ರೂಮು · 6:47

ಅಲ್ಲ. ಅದೂ ಮಾಹಿತಿಯೇ. ಆದರೆ ಯಾವ ಸೈಟ್ ತೆರೆದರೂ ಆ ಸರ್ವರಿಗೆ ನಿಮ್ಮ ಐಪಿ ಗೊತ್ತಾಗಲೇಬೇಕು, ಇಲ್ಲದಿದ್ದರೆ ಪುಟವನ್ನು ಎಲ್ಲಿಗೆ ಕಳಿಸುತ್ತೆ? ಮನೆ ಬಾಗಿಲಿಗೆ ಬಂದವರ ಮುಖ ಮನೆಯವರಿಗೆ ಕಾಣುತ್ತೆ. ಅವರು ನೋಡಿದ್ದು ಸಾಲದು ಅಂತ ಫೋಟೊ ಹೊಡೆದು ಬೇರೆ ಊರಿಗೆ ಕಳಿಸೋದು ಬೇಡ ಅನ್ನೋದಷ್ಟೇ ನನ್ನ ಮಾತು. ಲಾಗ್ ಹಳೇದಾದರೆ ಅಳಿಸಲಿ.

ಇನ್ನೊಂದು. ಕಾಳುಮೆಣಸು ಅವರ ಸೈಟನ್ನು ಈಗ ತೆಗೆದೆ (ಮೊದಲು ಇನ್ನೊಂದು ಚರ್ಚೆಯಲ್ಲಿ ಲಿಂಕ್ ಹಾಕಿದ್ದರು). ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿದೆ. ಪುಟ ಯಾರ್ಯಾರ ಸರ್ವರಿಗೆ ಹೋಗಿ ಬರುತ್ತೆ ಅಂತ ಅಲ್ಲಿ ಕಾಣುತ್ತೆ. ಅನಲಿಟಿಕ್ಸ್ ಒಂದೇ ಅಲ್ಲ. ಗೂಗಲ್ ಮ್ಯಾಪ್ ಇದೆ, ತೋಟದ ಯುಟ್ಯೂಬ್ ವಿಡಿಯೊ ಇದೆ, ಅಕ್ಷರಕ್ಕೆ ಗೂಗಲ್ ಫಾಂಟ್ ಇದೆ, ಚಾಟ್ ಬಟನ್‌ಗೆ ಯಾವುದೋ ಗುರುತಿಲ್ಲದ ಕಂಪನಿಯ ಸ್ಕ್ರಿಪ್ಟ್ ಇದೆ. ಪುಟ ತೆರೆದ ಕೂಡಲೇ ಇವರೆಲ್ಲರಿಗೂ ಗೆಸ್ಟ್‌ನ ಐಪಿ ಹೋಗುತ್ತೆ.

ಹೇಮಾವತಿ_ಹರಿವು · 7:10

ಫಾಂಟ್ ಅಂತ ನಗಬೇಡಿ. ಇದೇ ಮ್ಯೂನಿಕ್‌ನ ಕೋರ್ಟು 2022ರ ಜನವರಿಯಲ್ಲಿ, ಗೂಗಲ್ ಫಾಂಟ್ ಮೂಲಕ ಐಪಿ ಕಳಿಸಿದ್ದಕ್ಕೆ ಸೈಟಿನವರು 100 ಯುರೋ ಪರಿಹಾರ ಕೊಡಬೇಕು ಅಂದಿತು. ಫಾಂಟ್ ಫೈಲನ್ನು ನಿಮ್ಮ ಸೈಟಿನಲ್ಲೇ ಇಟ್ಟುಕೊಂಡರೆ ಮುಗೀತು.

ರೊಬಸ್ಟಾ_77 · 7:18

ಮ್ಯಾಪ್ ತೆಗೆದರೆ ಗೆಸ್ಟ್ ಮೂಡಿಗೆರೆ ರೋಡಲ್ಲಿ ದಾರಿ ತಪ್ಪಿ ರಾತ್ರಿ ಎಸ್ಟೇಟ್ ಗೇಟಲ್ಲಿ ಆನೆ ಎದುರು ನಿಲ್ತಾನೆ. ಅವನ ಖಾಸಗಿತನ ಆಗ ಆನೆ ಕಾಪಾಡುತ್ತಾ?

ಕಾಳುಮೆಣಸು · 7:25

ಮ್ಯಾಪಿನ ಚಿತ್ರ ಹಾಕಿ, ಒತ್ತಿದರೆ ಮಾತ್ರ ಮ್ಯಾಪ್ ತೆರೆಯೋ ಹಾಗೆ ಮಾಡಿಸ್ತೀನಿ. ದಾರಿ ಬೇಕಾದವರು ಒತ್ತಲಿ.

ಗೆಸ್ಟ್‌ಗಳಿಗೆ ಒಂದು ಸೂಚನೆ ಬರೆದಿದ್ದೇನೆ, ನೋಡಿ ಹೇಳಿ: "ಸಂದರ್ಶಕರ ವೈಯಕ್ತಿಕ ದತ್ತಾಂಶ ಸಂಗ್ರಹಣಾ ಹಾಗೂ ಗೌಪ್ಯತಾ ನೀತಿಯನ್ವಯ ತಮ್ಮ ಸಮ್ಮತಿಯನ್ನು ಈ ಮೂಲಕ…"

ಅಕ್ಕಿರೊಟ್ಟಿ · 7:31

ತಹಸೀಲ್ದಾರ್ ನೋಟಿಸ್ ಬಂದ ಹಾಗಿದೆ! ಎದುರಿಗೆ ಕೂತವರಿಗೆ ಹೇಳೋ ಹಾಗೆ ಬರೀರಿ. "ರೂಮ್ ಕೇಳುವಾಗ ನೀವು ಕೊಡುವ ಹೆಸರು, ಫೋನ್ ನಂಬರ್ ನಮ್ಮ ಹತ್ತಿರವೇ ಇರುತ್ತದೆ. ನೀವು ಬಂದು ಹೋದ ಮೇಲೆ ಸೈಟಿನಿಂದ ಅಳಿಸುತ್ತೇವೆ. ದಿನಕ್ಕೆ ಎಷ್ಟು ಜನ ಸೈಟ್ ನೋಡಿದರು ಎಂದು ಎಣಿಸುತ್ತೇವೆ, ಯಾರು ನೋಡಿದರು ಎಂದು ನೋಡುವುದಿಲ್ಲ." ಸಾಕು.

ಮೂರನೇ_ಸೆಮ್ · 7:36

ಕುಕೀಗೆ ಕನ್ನಡದಲ್ಲಿ ಏನು ಮೇಡಂ?

ರೊಬಸ್ಟಾ_77 · 7:37

ಕೋಡುಬಳೆ.

ಕೋರ್ಟ್_ಕಾಫಿ · 9:50

ಅಕ್ಕಿರೊಟ್ಟಿ ಮೇಡಂ ಬರೆದದ್ದು ಚೆನ್ನಾಗಿದೆ. ಒಂದು ಸೇರಿಸಿ: ಅಳಿಸಿ ಅಂತ ಕೇಳೋಕೆ, ದೂರು ಹೇಳೋಕೆ ಯಾರಿಗೆ ಫೋನ್ ಮಾಡಬೇಕು ಅಂತ. ರಿಜಿಸ್ಟರ್ ಬೇರೆ, ಅದನ್ನು ಇಡಲೇಬೇಕು, ಅದನ್ನೂ ಅಲ್ಲೇ ಹೇಳಿಬಿಡಿ. ಮತ್ತೆ, ಈಗಾಗಲೇ ಹೋದ ನಂಬರ್‌ಗಳ ವಿಷಯ. ಕಾಯ್ದೆಯ ಆ ಭಾಗ ಪೂರ್ತಿ ಜಾರಿಗೆ ಬಂದ ಮೇಲೆ, ಮಾಹಿತಿ ಸೋರಿದರೆ ಅದು ಯಾರ ಮಾಹಿತಿಯೋ ಅವರಿಗೆ ತಿಳಿಸಲೇಬೇಕು. ಈಗಲೇ ತಿಳಿಸಿದರೆ ತಪ್ಪೇನಿಲ್ಲ.

ರೀಲ್ಸ್_ಪೇಟೆ · 10:02

ಬೇಡ ಸರ್. ಸುಮ್ಮನಿರೋ ಜೇನುಗೂಡಿಗೆ ಕಲ್ಲು ಹೊಡೆಯೋದು ಯಾಕೆ? ರಿವ್ಯೂನಲ್ಲಿ ಒಂದು ಸ್ಟಾರ್ ಹಾಕಿ ಹೋಗ್ತಾರೆ.

ಕಾಳುಮೆಣಸು · ಭಾನುವಾರ ಸಂಜೆ 5:30

ಅಪ್‌ಡೇಟ್. ಹುಡುಗ ಬಂದಿದ್ದ. ಮಳೆಯಲ್ಲಿ ಬೈಕಿನಲ್ಲಿ ಬಂದ, ಪಾಪ. ಫಾರ್ಮಿನಲ್ಲಿ ಒಂದೇ ಪದ ಸೇರಿಸಿದ. ನನ್ನ ಕೈಲೇ ತುಂಬಿಸಿ ನೋಡಿದ, ಥ್ಯಾಂಕ್ಸ್ ಪುಟದ ವಿಳಾಸ ಬೋಳು. ಅನಲಿಟಿಕ್ಸ್‌ನಲ್ಲಿ ಅಳಿಸೋ ಅರ್ಜಿ ಹಾಕಿದ, ಅದು ಮುಗಿದ ಮೇಲೆ ಖಾತೆಯನ್ನೇ ಮುಚ್ಚುತ್ತೇವೆ. ಚಾಟ್ ಬಟನ್ ಕಿತ್ತಾಯ್ತು. ಅವನಿಗೆ ಬೈಯೋಣ ಅಂತಿದ್ದೆ, "ಸರ್, ಇನ್ನೂ ಆರು ಹೋಮ್‌ಸ್ಟೇಗೆ ಇದೇ ಫಾರ್ಮ್ ಹಾಕಿದ್ದೀನಿ" ಅಂತ ಅವನೇ ಮುಖ ಬಿಳಿ ಮಾಡಿಕೊಂಡ. ಅಕ್ಕಿರೊಟ್ಟಿ ತಿನ್ನಿಸಿ ಕಳಿಸಿದೆ (ಮೇಡಂ, ನಿಮ್ಮನ್ನಲ್ಲ).

ಗೆಸ್ಟ್‌ಗಳಿಗೆ ಫೋನ್ ಮಾಡೋಕೆ ಶುರು ಮಾಡಿದ್ದೇನೆ. ದಿನಕ್ಕೆ ನಾಲ್ಕೈದು. ಮೊದಲನೆಯವರು "ನಿಮ್ಮ ಫೋನ್ ನಂಬರ್ ನಮ್ಮ ಸೈಟಿನಿಂದ ಸೋರಿದೆ" ಅಂದ ಕೂಡಲೇ "ಒಟಿಪಿ ಕೊಡಲ್ಲ" ಅಂತ ಕಟ್ ಮಾಡಿದರು. ಆಮೇಲಿಂದ ನಮ್ಮ ನಾಯಿಯ ಹೆಸರು ಹೇಳಿ ಮಾತು ಶುರು ಮಾಡ್ತೀನಿ. ಆಗ ನಂಬ್ತಾರೆ. ಒಬ್ಬರು ಚೆನ್ನಾಗಿ ಬೈದರು, ಕೇಳಿಸಿಕೊಂಡೆ. ಮೊಣಕಾಲಿನ ಅಮ್ಮನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಹೇಳೋಕೆ ಫೋನ್ ಮಾಡಿದ್ರಾ?" ಅಂದರು. ಹೌದು ಅಂದೆ. "ಅಮ್ಮನಿಗೆ ಹೇಳ್ತೀನಿ" ಅಂದು ಇಟ್ಟರು. ಸಿಟ್ಟೋ ಏನೋ ಗೊತ್ತಾಗಲಿಲ್ಲ.

ರೊಬಸ್ಟಾ_77 · 5:48

ಆ ಹುಡುಗನ ನಂಬರ್ ಕೊಡಿ ಸ್ವಲ್ಪ. ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ. ನಮ್ಮ ಸೈಟ್ ಮಾಡಿದ್ದೂ ಅವನೇ ಅನ್ಸುತ್ತೆ.

ಹಳೇಬ್ಲಾಗಿಗ · 6:15

ಸಂಜೆ ಕಾಫಿಗೆ ಈಗ ಯಾವ ನಂಬರ್ ಸಾರ್?

ಕಾಳುಮೆಣಸು · 6:22

ಸರ್ವರ್_ರೂಮು ಹೇಳಿದ ಆ ಪಂಚಾಯಿತಿ ಗ್ರಾಫ್. ನಿನ್ನೆ 9 ಜನ.

ಮೂರನೇ_ಸೆಮ್ · 6:23

ಆಶ್‌ಬರ್ನ್‌ನವರು ಇನ್ನೂ ಬರ್ತಾ ಇದ್ದಾರಾ ಸರ್?

ಕಾಳುಮೆಣಸು · 6:31

ಬರ್ತಾ ಇದ್ದಾರೆ ಕಣಪ್ಪ. ಈಗ ರೋಬೋಟ್ ಅಂತ ಬೇರೆ ಪಟ್ಟಿಯಲ್ಲಿದ್ದಾರೆ. ಮನುಷ್ಯರಿಗಿಂತ ಅವರೇ ಜಾಸ್ತಿ.